ರುಜು ಹಾಕಿದ ಕೈಗಳನ್ನು ಬಿಟ್ಟು ಕಾಣದ ಕೈ ಹುಡುಕುವವರಿಗೆ

ಕಳೆದ ಭಾನುವಾರ ಸಂಬಂಧಿಕರೊಬ್ಬರ ಗೃಹಪ್ರವೇಶದ ಊಟದಲ್ಲಿ, ಇನ್ನೇನು ಸಾರು ಬರಬೇಕು ಎನ್ನುವಷ್ಟರಲ್ಲಿ, ಪಕ್ಕದ ಎಲೆಯ ಹುಡುಗ ಮೊಬೈಲನ್ನು ನೀರಿನ ಲೋಟಕ್ಕೆ ಆನಿಸಿಟ್ಟು, "ದೊಡ್ಡಮ್ಮ, ನೀವು ಹಿಸ್ಟರಿ ಲೆಕ್ಚರರ್ ಆಗಿದ್ದವರಲ್ವಾ, ಇದನ್ನೆಲ್ಲ ಯಾಕೆ ಮುಚ್ಚಿಟ್ರಿ?" ಎಂದು ಕೇಳಿದ. ಮುಚ್ಚಿಟ್ಟದ್ದು ನಾನಂತೆ! ಪರದೆಯ ಮೇಲೆ ಒಂಟಿಕಣ್ಣಿನ ತ್ರಿಕೋನ, ಹಿನ್ನೆಲೆಯಲ್ಲಿ ನಗಾರಿ, ಗಡಸು ದನಿಯ ನಿರೂಪಣೆ. ಫ್ರೀಮೇಸನ್ನರೆಂಬ ಗುಪ್ತ ಸಂಘದವರು ಇನ್ನೂರೈವತ್ತು ವರ್ಷಗಳಿಂದ ಭಾರತವನ್ನು ಆಳುತ್ತಿದ್ದಾರೆ, ಕಾಂಗ್ರೆಸ್ಸನ್ನು ಹುಟ್ಟಿಸಿದವರು ಅವರೇ, ವಿವೇಕಾನಂದರನ್ನು ಚಿಕಾಗೋಗೆ ಕಳಿಸಿದವರೂ ಅವರೇ ಎಂಬುದು ಅದರ ಸಾರಾಂಶ. ನನ್ನ ಎಲೆಯ ಮೇಲಿನ ಅನ್ನ ತಣ್ಣಗಾಯಿತು, ತಲೆ ಮಾತ್ರ ಬಿಸಿಯಾಯಿತು. ನನ್ನ ಸಿಟ್ಟು ಎಂಥದ್ದೆಂದು ಬಲ್ಲ ಸ್ನೇಹಿತರು ಈ ಬರಹ ಉದ್ದವಾದರೆ ಸಹಿಸಿಕೊಳ್ಳಬೇಕು.

ಈ ಸಂಘದ ಚರಿತ್ರೆ ಕಲಿಸುವುದಕ್ಕೆ ಯೋಗ್ಯವಲ್ಲವೆಂದು ನಾನು ಹೇಳುವುದಿಲ್ಲ. ಅದು ಬಹಳ ಸ್ವಾರಸ್ಯದ ಚರಿತ್ರೆ. ಆದರೆ ಅದರ ಸ್ವಾರಸ್ಯ ಇರುವುದು ವಿಡಿಯೋದವರು ಹುಡುಕುವ ಕಡೆಯಲ್ಲಿ ಅಲ್ಲ. ಮೇಸನ್ ಎಂದರೆ ಗಾರೆ ಕೆಲಸದವನು; ಆ ಕಸುಬಿನ ಸಲಕರಣೆಗಳನ್ನೇ ಲಾಂಛನ ಮಾಡಿಕೊಂಡು, ಒಬ್ಬರನ್ನೊಬ್ಬರು ಸಹೋದರರೆಂದು ಕರೆದುಕೊಳ್ಳುವ ಗಂಡಸರ ಸಂಘ ಇದು. ಇವರ ಸ್ಥಳೀಯ ಶಾಖೆಗೆ ಲಾಡ್ಜ್ ಎಂದು ಹೆಸರು, ಶಾಖೆಗಳ ಮೇಲಿನ ಸಂಸ್ಥೆಗೆ ಗ್ರ್ಯಾಂಡ್ ಲಾಡ್ಜ್ ಎಂದು. 1717ರಲ್ಲಿ ಲಂಡನ್ನಿನಲ್ಲಿ ಮೊದಲ ಗ್ರ್ಯಾಂಡ್ ಲಾಡ್ಜ್ ರೂಪುಗೊಂಡಿತು. 1730ರ ಸುಮಾರಿಗೆ ಕಲ್ಕತ್ತೆಯ ಫೋರ್ಟ್ ವಿಲಿಯಂನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜನ ತಮ್ಮದೊಂದು ಲಾಡ್ಜ್ ತೆರೆದರು. ಆಮೇಲೆ ಮದರಾಸು, ಮುಂಬಯಿ, ಕಂಪನಿಯ ದಂಡು ಬೀಡುಬಿಟ್ಟ ಊರುಗಳು. ನಮ್ಮ ಬೆಂಗಳೂರಿನ ದಂಡಿನಲ್ಲಿಯೂ ಹತ್ತೊಂಬತ್ತನೆಯ ಶತಮಾನದಲ್ಲಿ ಲಾಡ್ಜ್‌ಗಳಿದ್ದವು. ಕಣ್ಣಿಗೆ ಪಟ್ಟಿ ಕಟ್ಟಿ, ಕೊರಳಿಗೆ ಹಗ್ಗ ಹಾಕಿ, ಷರಾಯಿಯ ಒಂದು ಕಾಲನ್ನು ಮೊಣಕಾಲಿನವರೆಗೆ ಮಡಿಸಿ ಹೊಸಬನನ್ನು ಒಳಗೆ ಕರೆತರುವುದು, ಬಾಗಿಲಲ್ಲಿ ಕತ್ತಿ ಹಿಡಿದವನೊಬ್ಬ ಕಾವಲು ನಿಲ್ಲುವುದು, ಕಪ್ಪು ಬಿಳುಪಿನ ಚೌಕುಳಿ ನೆಲ, ಮೂಲೆಮಟ್ಟ ಮತ್ತು ಕೈವಾರದ ಲಾಂಛನ, ಇವೆಲ್ಲ ನಿಜ. ಉತ್ತರ ಭಾರತದ ಜನ ಲಾಡ್ಜಿನ ಕಟ್ಟಡವನ್ನು ಜಾದೂಘರ್, ಅಂದರೆ ಮಾಟದ ಮನೆ, ಎಂದು ಕರೆದು ದೂರದಿಂದಲೇ ಹಾದುಹೋಗುತ್ತಿದ್ದರೆಂದರೆ ಆಶ್ಚರ್ಯವಿಲ್ಲ. ಗಾರೆ ಕೆಲಸದವರ ಸಲಕರಣೆಗಳನ್ನು ಪೂಜ್ಯವೆಂದು ಇಟ್ಟುಕೊಂಡ ಆ ಸಭೆಗೆ ನಿಜವಾಗಿ ಗಾರೆ ಕಲಸುವವನೊಬ್ಬ ಬಂದಿದ್ದರೆ ಕತ್ತಿಯವನು ಏನು ಮಾಡುತ್ತಿದ್ದನೆಂದು ನಾನು ಆಗಾಗ ಊಹಿಸಿಕೊಳ್ಳುತ್ತೇನೆ.

ನನ್ನ ತಕರಾರು ಒಂದೇ. ಎಲ್ಲವನ್ನೂ ಕಾಣದ ಕೈಗೆ ಒಪ್ಪಿಸಿಬಿಟ್ಟರೆ, ಕಾಣುವ ಕೈಗಳು ಮಾಡಿದ ಅನ್ಯಾಯಕ್ಕೂ ಹೊಣೆಗಾರರಿರುವುದಿಲ್ಲ, ಕಾಣುವ ಕೈಗಳು ಮಾಡಿದ ಒಳ್ಳೆಯ ಕೆಲಸಕ್ಕೂ ಹೆಸರಿರುವುದಿಲ್ಲ.

ಆರ್ಕಾಟಿನ ನವಾಬನ ಮಗ ಉಮ್ದತ್ ಉಲ್ ಉಮ್ರಾನ ಕಥೆಯನ್ನೇ ನೋಡಿ. 1770ರ ದಶಕದಲ್ಲಿ ತಿರುಚಿರಾಪಳ್ಳಿಯಲ್ಲಿ ಈತ ಫ್ರೀಮೇಸನ್ ಆದ. ಲಂಡನ್ನಿನ ಗ್ರ್ಯಾಂಡ್ ಲಾಡ್ಜ್ ಹಿಗ್ಗಿ ಹೀರೇಕಾಯಿಯಾಗಿ, ಸದಸ್ಯರು ಸಭೆಯಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಏಪ್ರನ್ನನ್ನು ಚಿನ್ನದ ಕಸೂತಿ ಹಾಕಿಸಿ, ಅದನ್ನೂ ಸೊಗಸಾದ ರಟ್ಟು ಹಾಕಿಸಿದ ನಿಯಮಾವಳಿಯನ್ನೂ ಅಭಿನಂದನಾ ಪತ್ರದ ಜೊತೆ ಕಳುಹಿಸಿತು. ಆತನೂ ಪಾರಸಿಯಲ್ಲಿ ವಿನಯದ ಉತ್ತರ ಬರೆದ. ಅಣ್ಣತಮ್ಮಂದಿರ ಪ್ರೀತಿ ಎಂದರೆ ಹೀಗಿರಬೇಕು! ಮುಂದೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ, ಟಿಪ್ಪುವಿನ ಅರಮನೆಯಲ್ಲಿ ಆರ್ಕಾಟಿನ ನವಾಬರು ಟಿಪ್ಪುವಿನೊಂದಿಗೆ ನಡೆಸಿದ ಪತ್ರವ್ಯವಹಾರ ಸಿಕ್ಕಿತೆಂದು ಕಂಪನಿ ಹೇಳಿತು. ಅದನ್ನು ದ್ರೋಹವೆಂದು ಕರೆದು, ಅಷ್ಟರಲ್ಲಿ ತಾನೇ ನವಾಬನಾಗಿದ್ದ ಉಮ್ದತ್ 1801ರ ಜುಲೈಯಲ್ಲಿ ತೀರಿಕೊಂಡ ಬೆನ್ನಿಗೇ, ಆತನ ಮಗನನ್ನು ಬದಿಗೆ ಸರಿಸಿ, ಹೇಳಿದ್ದಕ್ಕೆ ಒಪ್ಪುವ ಇನ್ನೊಬ್ಬನನ್ನು ನವಾಬನೆಂದು ಕೂರಿಸಿ, ಕರ್ನಾಟಿಕ್ ಎಂದು ಕರೆಯುತ್ತಿದ್ದ ತಮಿಳು ಸೀಮೆಯ ಆಡಳಿತವನ್ನು ಇಡಿಯಾಗಿ ನುಂಗಿತು. ಚಿನ್ನದ ಕಸೂತಿಯ ಏಪ್ರನ್ನು ಯಾವ ಉಪಯೋಗಕ್ಕೂ ಬರಲಿಲ್ಲ. ಈ ಕೆಲಸವನ್ನು ಯಾರೂ ನೆಲಮಾಳಿಗೆಯಲ್ಲಿ ಕುಳಿತು ಮಾಡಲಿಲ್ಲ. ಗವರ್ನರ್ ಜನರಲ್ ವೆಲ್ಲೆಸ್ಲಿ, ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್ ಎಂಬ ಹೆಸರುಳ್ಳ ಮನುಷ್ಯರು ಹಗಲು ಹೊತ್ತಿನಲ್ಲಿ, ಒಪ್ಪಂದದ ಕಾಗದದ ಮೇಲೆ ಮಾಡಿದರು. ಆ ಕಾಗದವನ್ನು ಇಂದಿಗೂ ಓದಬಹುದು, ಆದರೆ ಅದಕ್ಕೆ ನಗಾರಿಯ ಹಿನ್ನೆಲೆ ಇಲ್ಲ.

ಇನ್ನು ಈ ಸಹೋದರರ ಬಾಗಿಲು ಭಾರತೀಯರಿಗೆ ಹೇಗೆ ತೆರೆಯಿತು ಎಂಬುದನ್ನು ವಿಡಿಯೋದವರು ಓದಿದ್ದರೆ, ಜಗತ್ತನ್ನಾಳುವ ಗುಂಪು ಎಂಬ ಮಾತನ್ನು ಅವರೇ ನಗುತ್ತ ಅಳಿಸುತ್ತಿದ್ದರು. ಮುಂಬಯಿಯ ಪಾರ್ಸಿ ಗೃಹಸ್ಥ ಮಾಣೆಕ್‌ಜಿ ಕರ್ಸೆಟ್‌ಜಿಯವರನ್ನು ಸ್ವಂತ ಊರಿನಲ್ಲಿ ಸೇರಿಸಿಕೊಳ್ಳದೆ, ಅವರು ಪ್ಯಾರಿಸ್ಸಿಗೆ ಹೋಗಿ ದೀಕ್ಷೆ ಪಡೆಯಬೇಕಾಯಿತು. ಅವರಂಥವರಿಗಾಗಿಯೇ 1843ರಲ್ಲಿ ಜೇಮ್ಸ್ ಬರ್ನ್ಸ್ ಎಂಬ ವೈದ್ಯ ಮುಂಬಯಿಯಲ್ಲಿ 'ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ' ಎಂಬ ಬೇರೆಯ ಲಾಡ್ಜನ್ನು ಸ್ಕಾಟ್ಲೆಂಡಿನ ಗ್ರ್ಯಾಂಡ್ ಲಾಡ್ಜಿನ ಅಧೀನದಲ್ಲಿ ಸ್ಥಾಪಿಸಿದ. ಪಾರ್ಸಿಗಳೂ ಮುಸ್ಲಿಮರೂ ಒಂದು ದೇವರನ್ನು ನಂಬುವವರು, ಆದ್ದರಿಂದ ಪರವಾಗಿಲ್ಲ; ಹಿಂದೂಗಳಿಗೆ ದೇವರು ಬಹಳ, ಅವರು ಯಾವ ದೇವರ ಮೇಲೆ ಆಣೆ ಇಡುತ್ತಾರೆ ಎಂಬ ಧರ್ಮಸಂಕಟ ಸಾಹೇಬರನ್ನು ಕಾಡುತ್ತಿತ್ತು. ಕಲ್ಕತ್ತೆಯ ಪ್ರಸನ್ನ ಕುಮಾರ ದತ್ತರು 1863ರಲ್ಲಿ ಅರ್ಜಿ ಹಾಕಿದರು. ಏಷ್ಯಾದವರನ್ನು ಪ್ರಾಂತ್ಯದ ಗ್ರ್ಯಾಂಡ್ ಮಾಸ್ಟರರ, ಅಂದರೆ ಅಲ್ಲಿನ ಲಾಡ್ಜುಗಳ ಮುಖ್ಯಸ್ಥರ, ಅಪ್ಪಣೆಯಿಲ್ಲದೆ ಸೇರಿಸಬಾರದೆಂಬ ಸ್ಥಳೀಯ ನಿಯಮವನ್ನು ಅವರ ಮುಖಕ್ಕೆ ಹಿಡಿದರು. ದತ್ತರು ಬಿಡಲಿಲ್ಲ, ಲಂಡನ್ನಿನವರೆಗೆ ದೂರು ಒಯ್ದರು. 1872ರಲ್ಲಿ, ಒಂಬತ್ತು ವರ್ಷಗಳ ಗುದ್ದಾಟದ ನಂತರ, 'ಆ್ಯಂಕರ್ ಅಂಡ್ ಹೋಪ್' ಲಾಡ್ಜಿನಲ್ಲಿ ಅವರಿಗೆ ದೀಕ್ಷೆಯಾಯಿತು. ಒಬ್ಬ ಮನುಷ್ಯನನ್ನು ಒಳಗೆ ಬಿಡಬೇಕೋ ಬೇಡವೋ ಎಂದು ಒಂಬತ್ತು ವರ್ಷ ಕಾಗದ ಬರೆದಾಡುವವರು ಭೂಮಂಡಲವನ್ನು ರಹಸ್ಯವಾಗಿ ನಡೆಸುತ್ತಾರಂತೆ! ನಮ್ಮ ತಾಲ್ಲೂಕು ಕಚೇರಿ ಇದಕ್ಕಿಂತ ಚುರುಕಾಗಿದೆ.

ಇಲ್ಲಿ ಒಂದು ಸ್ವಂತದ ಮಾತು ಹೇಳಬೇಕು. ನಮ್ಮ ದೊಡ್ಡಪ್ಪನವರು ದಂಡಿನ ಕಡೆ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಿದ್ದರು ಮತ್ತು ಈ ಸಂಘದ ಸದಸ್ಯರಾಗಿದ್ದರು. ತಿಂಗಳಿಗೊಂದು ಸಂಜೆ ಕರಿ ಸೂಟು ತೊಟ್ಟು, ಚಪ್ಪಟೆಯಾದ ಚರ್ಮದ ಪೆಟ್ಟಿಗೆಯೊಂದನ್ನು ಹಿಡಿದು ಹೊರಟರೆ ಮನೆಯಲ್ಲಿ ಯಾರೂ ಎಲ್ಲಿಗೆಂದು ಕೇಳುವಂತಿರಲಿಲ್ಲ. ಅವರು ತೀರಿಕೊಂಡ ಮೇಲೆ ಆ ಪೆಟ್ಟಿಗೆಯನ್ನು ತೆರೆದವರಲ್ಲಿ ನಾನೂ ಒಬ್ಬಳು. ನುಸಿಗುಳಿಗೆಯ ವಾಸನೆ ಹೊಡೆಯುವ, ತಿಳಿನೀಲಿ ಅಂಚಿನ ಬಿಳಿ ಕುರಿದೊಗಲಿನ ಏಪ್ರನ್, ಒಂದು ಜೊತೆ ಬಿಳಿ ಕೈಗವಸು, ಚಿಕ್ಕದೊಂದು ನಿಯಮದ ಪುಸ್ತಕ, ರಬ್ಬರ್ ಬ್ಯಾಂಡ್ ಹಾಕಿದ ರಸೀದಿಗಳ ಕಟ್ಟು. ರಸೀದಿಗಳೆಲ್ಲ ಊಟದ್ದು ಮತ್ತು ವಿಧವೆಯರ ನಿಧಿಯ ಚಂದಾದ್ದು. ನಮ್ಮ ದೊಡ್ಡಮ್ಮ ಅವನ್ನು ಒಂದೊಂದಾಗಿ ನೋಡಿ, "ಇಷ್ಟಕ್ಕೆ ಇಷ್ಟು ಗುಟ್ಟು ಮಾಡಿದರಾ?" ಎಂದಿದ್ದರು. ನಿಜ ಹೇಳಬೇಕೆಂದರೆ ನನಗೆ ಆಗ ಹುಟ್ಟಿದ್ದು ಅನುಮಾನವಲ್ಲ, ಹೊಟ್ಟೆಕಿಚ್ಚು. ರಾತ್ರಿಗೆ ಏನು ಅಡುಗೆ ಎಂದು ಯಾರೂ ಕೇಳದ ಒಂದು ಕೋಣೆಯಲ್ಲಿ ತಿಂಗಳಿಗೆ ಮೂರು ಗಂಟೆ ಕೂರುವ ಭಾಗ್ಯ ನನಗೂ ಬೇಕಿತ್ತು. ಆದರೆ 1723ರ ನಿಯಮಾವಳಿಯೇ ಜೀತದವರಿಗೂ ಹೆಂಗಸರಿಗೂ ಬಾಗಿಲು ಮುಚ್ಚಿತ್ತು. ನಮ್ಮ ಸಾಲು ಯಾರ ಪಕ್ಕದಲ್ಲಿದೆ ಎಂಬುದನ್ನು ಗಮನಿಸಿ. ಗಂಡು ಹೆಣ್ಣು ಇಬ್ಬರನ್ನೂ ಸೇರಿಸಿಕೊಳ್ಳುವ ಬೇರೊಂದು ಶಾಖೆಯನ್ನು ಆನಿ ಬೆಸೆಂಟರು ಬೆಳೆಸಿದರು, ಆದರೆ ಅದನ್ನು ಹಳೆಯ ಶಾಖೆಯವರು ಮಾನ್ಯ ಮಾಡುವುದಿಲ್ಲ.

ಹಾಗಾದರೆ ಇವರಿಗೆ ಪ್ರಭಾವವೇ ಇರಲಿಲ್ಲವೆ? ಧಾರಾಳವಾಗಿ ಇತ್ತು, ಮತ್ತು ಅದು ಗುಟ್ಟಾಗಿರಲಿಲ್ಲ. 1813ರಲ್ಲಿ ಗವರ್ನರ್ ಜನರಲ್ ಆಗಿ ಬಂದು ಮರಾಠರ ಬಲ ಮುರಿದ ಹೇಸ್ಟಿಂಗ್ಸ್ ಪ್ರಭು ಅದಕ್ಕೆ ಮುಂಚೆ ಇಂಗ್ಲೆಂಡಿನ ಫ್ರೀಮೇಸನ್ನರ ಹಂಗಾಮಿ ಗ್ರ್ಯಾಂಡ್ ಮಾಸ್ಟರ್ ಆಗಿದ್ದವನು. ಸೇನಾಧಿಪತಿ ಕಿಚನರ್ ಪಂಜಾಬಿನ ಲಾಡ್ಜ್‌ಗಳ ಮುಖ್ಯಸ್ಥ, ಮದರಾಸಿನ ಗವರ್ನರ್ ಆ್ಯಂಪ್ಟ್‌ಹಿಲ್ ಅಲ್ಲಿನ ಲಾಡ್ಜ್‌ಗಳ ಮುಖ್ಯಸ್ಥ. ಹೊಸದಾಗಿ ಬಂದಿಳಿದ ಅಧಿಕಾರಿಗೆ ಲಾಡ್ಜಿನ ಒಂದು ಸಂಜೆ ಹತ್ತು ಪರಿಚಯಪತ್ರಗಳ ಕೆಲಸ ಮಾಡುತ್ತಿತ್ತು. ಬಡ್ತಿ, ವರ್ಗಾವಣೆ, ಗುತ್ತಿಗೆಗಳ ಮಾತು ಊಟದ ಮೇಜಿನಲ್ಲಿ ಮುಂದುವರಿಯುತ್ತಿತ್ತೆಂದು ಊಹಿಸಲು ಪತ್ತೇದಾರಿಕೆ ಬೇಕಿಲ್ಲ. ಹೊಸಬರನ್ನು ಸೇರಿಸಿಕೊಳ್ಳಲು ಪೆಟ್ಟಿಗೆಯೊಳಗೆ ಬೇಕೆಂದರೆ ಬಿಳಿ ಗುಂಡು, ಬೇಡವೆಂದರೆ ಕರಿ ಗುಂಡು ಹಾಕುವ ಪದ್ಧತಿ ಎಷ್ಟೋ ಅಸಮಾಧಾನಗಳನ್ನು ಸಭ್ಯವಾಗಿ ತೀರಿಸಿಕೊಳ್ಳುವ ಉಪಾಯವಾಗಿತ್ತು. ಅದೇ ಹೊತ್ತಿಗೆ ಬೇರೆಲ್ಲೂ ಒಂದೇ ಮೇಜಿಗೆ ಕೂರದ ಜನ ಅಲ್ಲಿ ಕೂತದ್ದೂ ಉಂಟು. 1886ರಲ್ಲಿ ಲಾಹೋರಿನ ಲಾಡ್ಜು, ಒಳ್ಳೆಯ ಕಾರ್ಯದರ್ಶಿ ಸಿಗಲೆಂದು, ಇಪ್ಪತ್ತೊಂದು ತುಂಬದ ಇಂಗ್ಲಿಷ್ ಲೇಖಕ ಕಿಪ್ಲಿಂಗನನ್ನು ನಿಯಮ ಸಡಿಲಿಸಿ ಸೇರಿಸಿಕೊಂಡಿತು. ಹಿಂದೂ, ಮುಸ್ಲಿಂ, ಸಿಖ್, ಯಹೂದಿ ಸಹೋದರರನ್ನು ಆತ ಮುಂದೆ ಜೀವಮಾನವಿಡೀ ನೆನೆದ, ಸಾಮ್ರಾಜ್ಯದ ಹೊಗಳಿಕೆಯನ್ನು ಮಾತ್ರ ಒಂದು ದಿನವೂ ನಿಲ್ಲಿಸಲಿಲ್ಲ. ಕಾಂಗ್ರೆಸ್ಸಿನ ಮೊದಲ ತಲೆಮಾರಿನ ನಾಯಕರಾದ ದಾದಾಭಾಯಿ ನವರೋಜಿ, ಫಿರೋಜ್ ಷಾ ಮೆಹ್ತಾ ಸದಸ್ಯರಾಗಿದ್ದರು. ಬ್ರಿಟನ್ನು ಈ ದೇಶದಿಂದ ಎಷ್ಟು ಸಂಪತ್ತು ಸಾಗಿಸುತ್ತಿದೆಯೆಂದು ನವರೋಜಿಯವರು ಲೆಕ್ಕ ಹಾಕಿ ಅವರ ಮುಖದ ಮೇಲೆಯೇ ಓದಿದರಲ್ಲ, ಅದನ್ನು ಯಾವ ಲಾಡ್ಜ್ ಹೇಳಿ ಮಾಡಿಸಿತು?

ನನ್ನನ್ನು ಎಲ್ಲಕ್ಕಿಂತ ಕೆರಳಿಸಿದ್ದು ವಿವೇಕಾನಂದರ ಭಾಗ. ಅವರು ಸದಸ್ಯರಾಗಿದ್ದದ್ದು ಸತ್ಯ, ಯಾರೂ ಮುಚ್ಚಿಟ್ಟಿಲ್ಲ. 1884ರ ಫೆಬ್ರವರಿ 19ರಂದು, ಇನ್ನೂ ನರೇಂದ್ರನಾಥ ದತ್ತರಾಗಿದ್ದಾಗ, ಪ್ರಸನ್ನ ಕುಮಾರ ದತ್ತರು ಬಾಗಿಲು ತೆರೆಸಿದ್ದ ಅದೇ 'ಆ್ಯಂಕರ್ ಅಂಡ್ ಹೋಪ್' ಲಾಡ್ಜಿನಲ್ಲಿ ದೀಕ್ಷೆ ಪಡೆದರು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮುಂದಿನ ಎರಡು ಮೆಟ್ಟಿಲುಗಳನ್ನು ಮುಗಿಸಿದರು. ದೀಕ್ಷೆಯಾದ ವಾರದೊಳಗೇ, ವಕೀಲರಾಗಿದ್ದ ಅವರ ತಂದೆ ತೀರಿಕೊಂಡು ಮನೆ ಸಾಲದಲ್ಲಿ ಮುಳುಗಿತು. ಕಾನೂನು ಓದುತ್ತಿದ್ದ ಇಪ್ಪತ್ತೊಂದರ ಹುಡುಗ ನಾಲ್ಕು ಜನರ ಪರಿಚಯವಾಗಲೆಂದು ಸೇರಿದ್ದರೆ ಅದರಲ್ಲಿ ಬೆಚ್ಚಿಬೀಳುವಂಥದ್ದು ಏನಿದೆ? ಆ ಸಹೋದರರು ಅವರ ಮನೆಯ ಒಲೆಯನ್ನಂತೂ ಉರಿಸಲಿಲ್ಲ. ಕೆಲಸಕ್ಕಾಗಿ ಅವರು ಕಚೇರಿ ಕಚೇರಿ ಅಲೆದದ್ದನ್ನು ಮುಂದೆ ಅವರೇ ಹೇಳಿಕೊಂಡಿದ್ದಾರೆ.

1893ರಲ್ಲಿ ಅವರನ್ನು ಅಮೆರಿಕಕ್ಕೆ ಕಳಿಸಲು ಒದ್ದಾಡಿದವರು ಅಳಸಿಂಗ ಪೆರುಮಾಳ್. ಚಿಕ್ಕಮಗಳೂರಿನಲ್ಲಿ ಹುಟ್ಟಿ, ಮದರಾಸಿನಲ್ಲಿ ಶಾಲೆಯ ಮೇಷ್ಟರಾಗಿದ್ದ, ಮೇಷ್ಟರ ಸಂಬಳದಲ್ಲಿ ದೊಡ್ಡ ಸಂಸಾರ ಎಳೆಯುತ್ತಿದ್ದ ಮನುಷ್ಯ. ಆತ ಮನೆಮನೆಯ ಮೆಟ್ಟಿಲು ಹತ್ತಿ, ಕೈಯೊಡ್ಡಿ ಚಂದಾ ಎತ್ತಿದರು. ಖೇತ್ರಿಯ ರಾಜ ಅಜಿತ್ ಸಿಂಗ್ ನೆರವಾದದ್ದು, ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರು ಸ್ವಾಮೀಜಿಯವರನ್ನು ಆದರಿಸಿದ್ದು ಎಲ್ಲರಿಗೂ ಗೊತ್ತು. ಮೇಷ್ಟರದ್ದು ಮಾತ್ರ ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತಿಲ್ಲ. ಎರಡು ವರ್ಷದ ನಂತರ 'ಬ್ರಹ್ಮವಾದಿನ್' ಪತ್ರಿಕೆಯನ್ನು ಹೊರಡಿಸಿ ನಡೆಸಿದವರೂ ಇದೇ ಮೇಷ್ಟರು. ಬಿಸಿಲಿನಲ್ಲಿ ತಿರುಗಿ ಕೂಡಿಸಿದ ಆ ಹಣವನ್ನು ಒಂಟಿಕಣ್ಣಿನ ತ್ರಿಕೋನದ ಖಾತೆಗೆ ಜಮಾ ಮಾಡುವುದಿದೆಯಲ್ಲ, ಅದನ್ನು ನಾನು ಕ್ಷಮಿಸಲಾರೆ.

"ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ, ಇಟಲಿಯಲ್ಲಿ ನಡೆದದ್ದು ಸುಳ್ಳೆ?" ಎಂದು ಯಾರಾದರೂ ಕೇಳುತ್ತಾರೆ, ಆ ಹುಡುಗನೂ ಕೇಳಿದ. ಸುಳ್ಳಲ್ಲ. 1981ರಲ್ಲಿ ಲಿಚಿಯೊ ಜೆಲ್ಲಿ ಎಂಬಾತನ 'ಪಿ2' ಲಾಡ್ಜಿನ ಸದಸ್ಯರ ಪಟ್ಟಿ ಸಿಕ್ಕಿ, ಅದರಲ್ಲಿ ಮಂತ್ರಿಗಳೂ ಸೇನಾಧಿಕಾರಿಗಳೂ ಇದ್ದು, ಅಲ್ಲಿನ ಸರಕಾರವೇ ಉರುಳಿತು. ಆದರೆ ಅದನ್ನು ಬಯಲಿಗೆ ತಂದದ್ದು ತನಿಖಾಧಿಕಾರಿಗಳು ಜಪ್ತಿ ಮಾಡಿದ, ಒಂಬೈನೂರಕ್ಕೂ ಹೆಚ್ಚು ಹೆಸರುಗಳಿದ್ದ ಕಾಗದ. ಭಾರತದ ಬಗ್ಗೆ ಅಂಥ ಒಂದು ಕಾಗದ ಇದ್ದರೆ ತನ್ನಿ, ಕನ್ನಡಕ ಹಾಕಿಕೊಂಡು ಓದಲು ನಾನು ಸಿದ್ಧ. ತ್ರಿಕೋನದ ಚಿತ್ರ ಕಾಗದವಲ್ಲ.

ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷವಾದ ಮೇಲೆ, 1961ರ ನವೆಂಬರ್ 24ರಂದು, ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ದೆಹಲಿಯಲ್ಲಿ ಸ್ಥಾಪನೆಯಾಯಿತು. ರಾಂಪುರದ ನವಾಬ ರಜಾ ಅಲಿ ಖಾನರು ಮೊದಲ ಗ್ರ್ಯಾಂಡ್ ಮಾಸ್ಟರ್. ಆಗಲೂ ಕೆಲವು ಲಾಡ್ಜ್‌ಗಳು ನಾವು ಲಂಡನ್ನಿನ, ಸ್ಕಾಟ್ಲೆಂಡಿನ ಅಧೀನದಲ್ಲೇ ಇರುತ್ತೇವೆಂದು ಹಟ ಹಿಡಿದು ಉಳಿದವು. ಪಕ್ಕದ ಪಾಕಿಸ್ತಾನ 1972ರಲ್ಲಿ ಇವರನ್ನು ನಿಷೇಧಿಸಿತು. ನಿಷೇಧದ ನಂತರ ಅಲ್ಲಿನ ಆಡಳಿತ ಪಾರದರ್ಶಕವಾಯಿತೇ ಎಂಬುದನ್ನು ವಿಡಿಯೋ ಮಾಡಿದವರೇ ಹೇಳಲಿ. ನಮ್ಮಲ್ಲಿ ಗೀತೆ, ಕುರಾನ್, ಬೈಬಲ್, ಗುರುಗ್ರಂಥ, ಪಾರ್ಸಿಗಳ ಅವೆಸ್ತಾಗಳನ್ನು ಪೀಠದ ಮೇಲೆ ಒಟ್ಟಿಗೆ ಇಟ್ಟುಕೊಂಡು ಇವರು ಸಭೆ ಸೇರುತ್ತಾರೆ. ಕಟ್ಟಡಕ್ಕೆ ಬೋರ್ಡಿದೆ, ಜಾಲತಾಣವಿದೆ, ಯಾರು ಯಾರು ನಮ್ಮವರಾಗಿದ್ದರೆಂದು ಅವರೇ ಹೆಮ್ಮೆಯಿಂದ ಪಟ್ಟಿ ಹಾಕಿಕೊಳ್ಳುತ್ತಾರೆ.

ಕೆಳಗೆ ಕಾಮೆಂಟಿನಲ್ಲಿ ಪಿರಮಿಡ್ಡಿನ ಚಿತ್ರ ಅಂಟಿಸಲು ಬರುವವರಲ್ಲಿ ನನ್ನದೊಂದು ಷರತ್ತಿದೆ. ಮೊದಲು ಅಳಸಿಂಗ ಪೆರುಮಾಳರ ಬಗ್ಗೆ ನಿಮಗೆ ಗೊತ್ತಿರುವ ನಾಲ್ಕು ಸಾಲು ಬರೆಯಿರಿ, ಆಮೇಲೆ ಚಿತ್ರ ಹಾಕಿ. ಚಿಕ್ಕಮಗಳೂರಿನವರಿಗೂ ವಿನಾಯಿತಿ ಇಲ್ಲ.