ಆಫ್ ಅಂದರೆ ಆನ್

ಇಂಗ್ಲೆಂಡಿನ ಒಂದು ಮನೆಯ ಫ್ರಿಡ್ಜ್ ಬಾಗಿಲ ಮೇಲೆ ನನ್ನ ಕೈಬರಹದ ಕಾರ್ಡೊಂದು ಅಂಟಿಕೊಂಡಿದೆ. ಆಫೀಸಿನ ಕೆಲಸಕ್ಕೆ ಅಂತ ಹೋಗಿ ಆರು ವಾರ ಬಾಡಿಗೆಗೆ ಇದ್ದ ಮನೆ ಅದು. ಊರು ರೆಡ್ಡಿಂಗ್. ಬೋರ್ಡಿನಲ್ಲಿ ರೀಡಿಂಗ್ ಅಂತ ಓದುವ ಹಾಗೆ ಬರೆದಿರುತ್ತಾರೆ. ಊರಿನ ಹೆಸರಿನಲ್ಲೇ ಹೀಗೆ ಕಾಲೆಳೆಯುವ ಭಾಷೆ ಮುಂದೆ ನನ್ನನ್ನು ಏನು ಮಾಡಬಹುದು ಅಂತ ನಾನು ಆಗಲೇ ಊಹಿಸಬೇಕಿತ್ತು.

ಹೊರಡುವ ದಿನ ಬೆಳಗ್ಗೆ ಮನೆಯ ಓನರ್ ಅಜ್ಜಿಗೆ ಒಂದು ಥ್ಯಾಂಕ್ಯೂ ಕಾರ್ಡು ಬರೆದೆ. ಮನೆಯಲ್ಲಿ ಇರಿಸಿಕೊಳ್ಳುವುದಕ್ಕೆ ಅಲ್ಲಿ 'ಪುಟ್ ಅಪ್' ಅನ್ನುತ್ತಾರೆ. 'ಪುಟಿಂಗ್ ಮಿ ಅಪ್' ಅಂತ ಬರೆದಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ಅದು ಯಾಕೋ ಮೊಟಕಾಗಿ ಕಂಡಿತು. ಮರ್ಯಾದೆಗೆ ಇರಲಿ ಅಂತ ಒಂದು 'ವಿತ್' ಸೇರಿಸಿ 'ಪುಟಿಂಗ್ ಅಪ್ ವಿತ್ ಮಿ' ಅಂತ ಬರೆದುಬಿಟ್ಟೆ. ಅಲ್ಲಿಗೆ ಅದರ ಅರ್ಥ, 'ನನ್ನ ಕಾಟ ಸಹಿಸಿಕೊಂಡಿದ್ದಕ್ಕೆ ಥ್ಯಾಂಕ್ಸ್' ಅಂತ ಆಯಿತು. ಅಜ್ಜಿ ಓದಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. 'ಇಷ್ಟು ಸತ್ಯವಂತ ಬಾಡಿಗೆದಾರ ನನಗೆ ಯಾವತ್ತೂ ಸಿಕ್ಕಿರಲಿಲ್ಲ' ಅಂದರು.

ಅವರು ಹಾಗಂದಿದ್ದಕ್ಕೆ ಕಾರಣ ಇತ್ತು.

ನಾನು ಓದಿದ್ದು ಕನ್ನಡ ಮೀಡಿಯಂ. 'ಪುಟ್ ಅಪ್' ಥರ ಕ್ರಿಯಾಪದದ ಜೊತೆ ಪುಟ್ಟ ಪದ ಸೇರಿ ಬೇರೆಯೇ ಅರ್ಥ ಕೊಡುವ ಈ ಫ್ರೇಸಲ್ ವರ್ಬ್‌ಗಳು ನಮಗೆ ಪರೀಕ್ಷೆಯಲ್ಲಿ ಒಂದೊಂದು ಮಾರ್ಕ್ಸಿಗೆ ಬರುತ್ತಿದ್ದವು. ಮೇಷ್ಟ್ರು ಬೋರ್ಡಿನ ಮೇಲೆ ಬರೆಸಿದ್ದರು: ಲುಕ್ ಆಫ್ಟರ್ ಅಂದರೆ ನೋಡಿಕೊಳ್ಳು. ಗಿವ್ ಅಪ್ ಅಂದರೆ ಬಿಟ್ಟುಬಿಡು. ಪುಟ್ ಔಟ್ ಅಂದರೆ ಬೆಂಕಿ ಆರಿಸು. ಇಷ್ಟು ಬಂಡವಾಳ ಇಟ್ಟುಕೊಂಡು ವಿಮಾನ ಹತ್ತಿದವನು ನಾನು. ಮೊದಲ ವಾರವೇ ಅಡುಗೆಮನೆಯಲ್ಲಿ ಒಂದು ಚೀಟಿ ಕಂಡಿತು. 'ದಯವಿಟ್ಟು ರಾತ್ರಿ ಬಿನ್‌ಗಳನ್ನು ಪುಟ್ ಔಟ್ ಮಾಡಿ.' ಹೋಗಿ ಕಸದ ಡಬ್ಬಿ ಮುಟ್ಟಿ ನೋಡಿದೆ. ತಣ್ಣಗಿತ್ತು. ಯಾರೋ ಆಗಲೇ ಆರಿಸಿದ್ದಾರೆ ಅಂತ ಹೋಗಿ ಮಲಗಿದೆ. ಬೆಳಗ್ಗೆ ಕಸದ ಲಾರಿ ಬಂತು, ಹೋಯಿತು. ನಮ್ಮ ಡಬ್ಬಿ ಹಿತ್ತಲಲ್ಲೇ ಇತ್ತು. ಹೊರಗೆ ತಂದಿಡಬೇಕಿತ್ತಂತೆ.

ಎರಡನೇ ವಾರ ಹಾಲಿನ ಪ್ರಕರಣ. ಅಜ್ಜಿ ಫ್ರಿಡ್ಜ್ ತೆಗೆದು, ಮೂಗು ಮುರಿದು, 'ಮಿಲ್ಕ್ ಹ್ಯಾಸ್ ಗಾನ್ ಆಫ್' ಅಂದರು. ನಾನು ಬಗ್ಗಿ ನೋಡಿದೆ. ಒಳಗೆ ದೀಪ ಉರಿಯುತ್ತಿತ್ತು. 'ಫ್ರಿಡ್ಜ್ ಆನ್ ಇದೆಯಲ್ಲ' ಅಂದೆ. ಹಾಲು ಕೆಟ್ಟಿದೆ ಅಂತ ಅವರು ಬಿಡಿಸಿ ಹೇಳಿದ ಮೇಲೆ ಯೋಚಿಸಿದೆ. ನಮ್ಮಲ್ಲೂ ಹಾಲು ಕೆಟ್ಟು 'ಹೋಗುತ್ತೆ'. ಎಲ್ಲಿಗೆ ಹೋಗುತ್ತೆ ಅಂತ ಯಾರೂ ಕೇಳಲ್ಲ. ಸರಿ, ಗೋ ಆಫ್ ಅಂದರೆ ಕೆಟ್ಟುಹೋಗುವುದು ಅಂತ ಡೈರಿಯಲ್ಲಿ ಬರೆದುಕೊಂಡೆ. ಇದು ನಾನು ಮಾಡಿದ ದೊಡ್ಡ ತಪ್ಪು.

ಯಾಕೆಂದರೆ ಮೂರನೇ ವಾರ ಹೊಗೆ ಅಲಾರಂ ಕಾಟ ಶುರುವಾಯಿತು. ಬ್ಯಾಟರಿ ಇಳಿದಿದ್ದಕ್ಕೋ ಏನೋ, ಅದು ನಿಮಿಷಕ್ಕೊಂದು ಸಲ ಹಕ್ಕಿಮರಿ ಥರ 'ಚಿಂವ್' ಅನ್ನುತ್ತಿತ್ತು. ಎರಡು ರಾತ್ರಿ ನಿದ್ದೆ ಇಲ್ಲ. ಸರಿ ಮಾಡಿಸುತ್ತೇನೆ ಅಂತ ಅಜ್ಜಿ ಹೇಳಿದ್ದರು. ಶನಿವಾರ ನಾಲಿಗೆ ತಡೆಯಲಾರದೆ ಸಾರಿನ ಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಹುರಿದೆ. ಆ ಘಾಟು ನಮ್ಮಂಥವರಿಗೇ ಕಷ್ಟ, ಇನ್ನು ಇಂಗ್ಲೆಂಡಿಗೆ ಕೇಳಬೇಕಾ? ಒಲೆ ಆರಿಸಿ, ಕೆಮ್ಮುತ್ತಾ, ಗಾಳಿಗೆ ಅಂತ ಕೆನೆಟ್ ನದಿ ಪಕ್ಕ ವಾಕಿಂಗ್ ಹೊರಟೆ. ಸ್ವಲ್ಪ ಹೊತ್ತಿಗೆ ಅಜ್ಜಿಯಿಂದ ಮೆಸೇಜ್ ಬಂತು. 'ಅಲಾರಂ ಹ್ಯಾಸ್ ಗಾನ್ ಆಫ್.'

ಹಾಲಿನ ಲೆಕ್ಕದಲ್ಲಿ ನೋಡಿದರೆ, ಅಲಾರಂ ಕೆಟ್ಟುಹೋಗಿದೆ. ನಮ್ಮ ಊರಿನ ಲೆಕ್ಕದಲ್ಲಿ ನೋಡಿದರೆ, ಆಫ್ ಆಗಿದೆ. ಹೇಗೆ ನೋಡಿದರೂ ಇವತ್ತು ನಿದ್ದೆ ಗ್ಯಾರಂಟಿ. 'ವೆರಿ ಗುಡ್ ನ್ಯೂಸ್, ಥ್ಯಾಂಕ್ಯೂ!' ಅಂತ ಕಳಿಸಿ, ಜೊತೆಗೆ ಕೈ ಮುಗಿಯುವ ಚಿತ್ರವನ್ನೂ ಹಾಕಿದೆ.

ವಾಪಸ್ ಬಂದಾಗ ಕಿಟಕಿಗಳೆಲ್ಲ ತೆರೆದಿದ್ದವು. ಪಕ್ಕದ ಮನೆಯವರು ಕುರ್ಚಿ ಮೇಲೆ ನಿಂತು ಅಲಾರಂಗೆ ಟವೆಲ್‌ನಲ್ಲಿ ಗಾಳಿ ಹಾಕುತ್ತಿದ್ದರು. ಅದು ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಿತ್ತು. ಅಜ್ಜಿ ಅಂಗಳದಲ್ಲಿ ಕೆಮ್ಮುತ್ತಾ ನಿಂತಿದ್ದರು. ನನ್ನನ್ನು ನೋಡಿ ಮಾತಾಡಲಿಲ್ಲ. ಸುಮ್ನೆ ಫೋನ್ ತಿರುಗಿಸಿ ನನ್ನ ಮೆಸೇಜ್ ತೋರಿಸಿದರು. ಹೊಡೆದುಕೊಳ್ಳಲು ಶುರುವಾದರೆ ಅದು ಗೋ ಆಫ್. ನಿಲ್ಲಿಸುವುದಕ್ಕೆ ಟರ್ನ್ ಆಫ್. ಈ ನ್ಯಾಯವನ್ನು ಯಾವ ಕೋರ್ಟಿನಲ್ಲಿ ಕೇಳುವುದು?

ಆ ರಾತ್ರಿ ಕುತೂಹಲಕ್ಕೆ ಹುಡುಕಿದಾಗ ಸ್ಯಾಮ್ಯುಯೆಲ್ ಜಾನ್ಸನ್ ಸಿಕ್ಕಿದ. 1755ರಲ್ಲಿ ಬಂದ ತನ್ನ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲಿ ಆತ ಇದನ್ನೇ ಹೇಳಿದ್ದಾನೆ. ಕ್ರಿಯಾಪದಕ್ಕೆ ಬಾಲದ ಹಾಗೆ ಇಂಥ ಪುಟ್ಟ ಪದ ಅಂಟಿಸಿ ಅರ್ಥ ಬದಲಿಸುತ್ತೇವೆ, ಹೊರಗಿನವರಿಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟ ಕೊಡುವುದು ಇದೇ ಅಂತ. ನಾನು ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಮೊದಲೇ ನನ್ನ ಸಂಕಟ ಅಚ್ಚಾಗಿತ್ತು! ಫ್ರೇಸಲ್ ವರ್ಬ್ ಅನ್ನುವ ಹೆಸರು ಲೋಗನ್ ಪಿಯರ್ಸಾಲ್ ಸ್ಮಿತ್ ಬರೆದ 1925ರ ಪುಸ್ತಕದಿಂದ ಬಳಕೆಗೆ ಬಂತಂತೆ. ಅಂದರೆ ರೋಗ ಗೊತ್ತಾಗಿ 170 ವರ್ಷ ಆದ ಮೇಲೆ ಅದಕ್ಕೆ ನಾಮಕರಣ. ಔಷಧಿ ಮಾತ್ರ ಇನ್ನೂ ಬಂದಿಲ್ಲ.

ಆಫೀಸಿನಲ್ಲಿ ಒಂದು ಸಲ ತಪ್ಪು ಅರ್ಥದಿಂದ ಲಾಭವೂ ಆಯಿತು ಅನ್ನಿ. ಕಸ್ಟಮರ್ ಕೊಟ್ಟ ತಾರೀಖು ತೀರಾ ಹತ್ತಿರ ಇತ್ತು. 'ವಿ ಶುಡ್ ಪುಶ್ ಬ್ಯಾಕ್' ಅಂದರು ಬಾಸ್. ತಕರಾರು ತೆಗೆಯೋಣ ಅಂತ ಅವರ ಅರ್ಥ. ನಾನು ಮುಂದೂಡೋಣ ಅಂತ ತಿಳಿದು, ತಾರೀಖನ್ನೇ ಒಂದು ವಾರ ಮುಂದಕ್ಕೆ ಹಾಕಿ ಕಸ್ಟಮರ್‌ಗೆ ಮೇಲ್ ಕಳಿಸಿದೆ. ಅವರು 'ಓಕೆ' ಅಂದರು. ಬಾಸ್ ಅರ್ಧ ಗಂಟೆ ಏನೂ ಮಾತಾಡಲಿಲ್ಲ.

ಇಷ್ಟಕ್ಕೂ ಅಲ್ಲಿನವರಿಗೇ ಇದರ ತಳಬುಡ ಗೊತ್ತಿದೆಯಾ? ಅಜ್ಜಿಯನ್ನೇ ಕೇಳಿದೆ. ಫಾರಂ ಫಿಲ್ ಇನ್ ಮಾಡಿದರೂ ಫಿಲ್ ಔಟ್ ಮಾಡಿದರೂ ತುಂಬುವುದು ಅದೇ ಫಾರಂ. ಸ್ಲೋ ಅಪ್ ಆದರೂ ಸ್ಲೋ ಡೌನ್ ಆದರೂ ಗಾಡಿ ನಿಧಾನವೇ. ಹೋಗಲಿ, 'ಪಿಕ್ ಅಪ್ ದ ಬ್ಯಾಗ್', 'ಪಿಕ್ ದ ಬ್ಯಾಗ್ ಅಪ್' ಎರಡೂ ನಡೆಯುತ್ತೆ. 'ಪಿಕ್ ಇಟ್ ಅಪ್' ಸರಿ. 'ಪಿಕ್ ಅಪ್ ಇಟ್' ಅಂದರೆ ಮಾತ್ರ ತಪ್ಪು. ಯಾಕೆ? ಅಜ್ಜಿ ಟೀ ಕಲಕುತ್ತಾ ಯೋಚಿಸಿದರು. 'ನಾವು ಹಾಗೆ ಹೇಳ್ತೀವಿ, ಅಷ್ಟೆ' ಅಂದರು.

ಆಮೇಲೆ ಅವರ ಸರದಿ ಬಂತು. ನಾನು ಫೋನಿನಲ್ಲಿ ಹೆಂಡತಿ ಜೊತೆ ಮಾತಾಡುವಾಗ 'ಬಿಡು' ಅನ್ನುವ ಪದ ಅವರ ಕಿವಿಗೆ ಬಹಳ ಸಲ ಬಿದ್ದಿತ್ತಂತೆ. ಏನದು ಅಂದರು. ಲೀವ್ ಅಂತ ಅರ್ಥ ಅಂದೆ. ಹಾಗಾದರೆ 'ಬಂದುಬಿಡು' ಅಂದರೇನು, ಬರಬೇಕೋ ಬಿಡಬೇಕೋ? ಬರಬೇಕು ಅಂದೆ. 'ತಿಂದುಬಿಡು'? ತಿನ್ನಬೇಕು, ಬಿಡಬಾರದು. 'ಬಿಟ್ಟುಬಿಡು'? ಮೇಷ್ಟ್ರು ನೆನಪಾದರು. ಗಿವ್ ಅಪ್ ಅಂದೆ. 'ಲೀವ್ ಲೀವ್?' ಅಂತ ಅಜ್ಜಿ ಹುಬ್ಬೇರಿಸಿದರು. ಯಾಕೆ ಹಾಗೆ ಅಂತಲೂ ಕೇಳಿದರು. ನನ್ನ ಬಾಯಿಂದಲೂ ಅದೇ ಉತ್ತರ ಬಂತು.

ಹೊರಡುವ ದಿನ, ಕಾರ್ಡು ಫ್ರಿಡ್ಜಿಗೆ ಅಂಟಿದ ಮೇಲೆ, ಅಜ್ಜಿ ಬಾಗಿಲ ತನಕ ಬಂದರು. ವಾರದಿಂದ ನನ್ನ ಹತ್ತಿರ 'ಹೋಗಿಬನ್ನಿ' ಹೇಳಿಸಿಕೊಂಡು ಕಲಿತಿದ್ದರು. ಟ್ಯಾಕ್ಸಿಯವನು ಹಾರ್ನ್ ಹೊಡೆದ. ಅಜ್ಜಿ ಎರಡೂ ಕೈ ಜೋಡಿಸಿ, ತುಂಬು ಪ್ರೀತಿಯಿಂದ, ಸ್ಪಷ್ಟವಾದ ಕನ್ನಡದಲ್ಲಿ ಹೇಳಿದರು:

'ಹೋಗಿಬಿಡಿ.'