ಚಪ್ಪರಕ್ಕೆ ಮುಂಚೆ ಬಂದ ನೆಂಟ

ಓದಲು ಪರದೇಶಕ್ಕೆ ಹೊರಟವರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ‘ನಾಲ್ಕು ದಿನ ಮುಂಚೆ ಹೋಗು, ಊರು ಅಭ್ಯಾಸವಾಗುತ್ತೆ.’ ಮಾತು ಸರಿಯೇ. ಆದರೆ ಆ ನಾಲ್ಕು ದಿನ ನೀವು ಯಾರ ಲೆಕ್ಕದಲ್ಲಿರುತ್ತೀರಿ ಎಂಬುದನ್ನು ಯಾರೂ ಹೇಳುವುದಿಲ್ಲ. ವಿಶ್ವವಿದ್ಯಾಲಯದ ಪಾಲಿಗೆ ನೀವಿನ್ನೂ ಬಂದಿಲ್ಲ. ಹಾಸ್ಟೆಲಿನವರ ಪಾಲಿಗೆ ನಿಮ್ಮ ಕೋಣೆ ಇನ್ನೂ ಗುಡಿಸಬೇಕಾದ ಕೋಣೆ. ವಿಮೆಯವರ ಪಾಲಿಗಂತೂ ನಿಮಗೆ ಜ್ವರ ಬರುವ ಅಧಿಕೃತ ದಿನಾಂಕವೇ ಶುರುವಾಗಿಲ್ಲ. ಚಪ್ಪರ ಹಾಕುವ ಮೊದಲೇ ಬಂದಿಳಿದ ನೆಂಟನಂತೆ, ಬನ್ನಿ ಎನ್ನುವವರೂ ಇಲ್ಲ, ಹೋಗಿ ಎನ್ನುವವರೂ ಇಲ್ಲ.

ಇಲ್ಲ, ಹೋಗಿ ಎನ್ನುವವರು ಒಬ್ಬರಿದ್ದಾರೆ: ವಲಸೆ ಅಧಿಕಾರಿ. ಅಮೆರಿಕದ ಎಫ್-1 ಎಂಬ ವಿದ್ಯಾರ್ಥಿ ವೀಸಾ ಇದ್ದವರು ಕೋರ್ಸ್ ಶುರುವಾಗುವ ದಿನಕ್ಕೆ 30 ದಿನಕ್ಕಿಂತ ಮುಂಚೆ ಆ ವೀಸಾದ ಮೇಲೆ ಒಳಗೆ ಕಾಲಿಡುವಂತಿಲ್ಲ. ಬ್ರಿಟನ್ನಿನಲ್ಲಿ ಕೋರ್ಸ್ ಆರು ತಿಂಗಳು ಮೀರಿದ್ದರೆ ಒಂದು ತಿಂಗಳು, ಇಲ್ಲದಿದ್ದರೆ ಒಂದೇ ವಾರ ಮುಂಚೆ ಬರಬಹುದು. ಅದೂ ವೀಸಾದ ಆರಂಭದ ದಿನ ದಾಟಿದ ಮೇಲೆ. ಅಗ್ಗದ ಟಿಕೆಟ್ ಕಂಡಿತೆಂದು ಮೊದಲು ಅದನ್ನು ಕೊಂಡು ಆಮೇಲೆ ವೀಸಾ ಓದುವವರೇ ಇಲ್ಲಿ ಸಿಕ್ಕಿಬೀಳುವುದು. ವಿಮೆಯ ಕಾಗದದಲ್ಲೂ ಮೊದಲ ದಿನಾಂಕ ನೋಡಿ. ವಿಮಾನ ಹತ್ತುವ ದಿನದಿಂದ ಆ ದಿನಾಂಕದವರೆಗಿನ ತೆರಪಿಗೆ ಬೇರೆ ಪ್ರಯಾಣ ವಿಮೆ ಬೇಕು.

ದೂರದ ವಿಮಾನಗಳು ಎಷ್ಟೋ ಸಲ ಬೆಳಗಿನ ಜಾವ ಇಳಿಸುತ್ತವೆ. ಹೋಟೆಲಿನ ಕೋಣೆ ಸಿಗುವುದು ಮಧ್ಯಾಹ್ನ ಎರಡೋ ಮೂರೋ ಗಂಟೆಗೆ. ಹಿಂದಿನ ರಾತ್ರಿಗೂ ದುಡ್ಡು ಕಟ್ಟಿ ಕೋಣೆ ಹಿಡಿಯಬಹುದು. ಪೆಟ್ಟಿಗೆಗಳನ್ನು ಅಲ್ಲೇ ಒಪ್ಪಿಸಿ ಬೀದಿ ಸುತ್ತುವುದು ಮೇಲು: ಹಣವೂ ಉಳಿಯುತ್ತದೆ, ಹಾಸಿಗೆಯ ಆಸೆಯೂ ತಪ್ಪುತ್ತದೆ. ಮೊದಲ ದಿನ ಮಧ್ಯಾಹ್ನ ‘ಒಂದು ಗಳಿಗೆ’ ಎಂದು ಒರಗಿದವರು ಏಳುವುದು ನಡುರಾತ್ರಿಗೆ. ಒರಗಲೇಬೇಕಿದ್ದರೆ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು ಫೋನನ್ನು ಕೋಣೆಯ ಆ ಮೂಲೆಯಲ್ಲಿಡಿ.

ಈ ನಿದ್ದೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಮುಂಚೆ ಹೋಗುವುದರ ನಿಜವಾದ ಲಾಭ ಇರುವುದೇ ಇಲ್ಲಿ. ಮೈಯೊಳಗಿನ ಗಡಿಯಾರ ಹೊಸ ಊರಿನ ವೇಳೆಗೆ ಹೊಂದಿಕೊಳ್ಳುವುದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು. ಅದರ ಸಹಜ ಸುತ್ತು 24 ಗಂಟೆಗಿಂತ ತುಸು ಉದ್ದವಾದ್ದರಿಂದ ಪಶ್ಚಿಮಕ್ಕೆ ಹೋದವರಿಗೆ ಹಗುರ, ಪೂರ್ವಕ್ಕೆ ಹೋದವರಿಗೆ ಕಷ್ಟ. ಗಡಿಯಾರವನ್ನು ತಿರುಗಿಸುವ ಕೀಲಿ ಬೆಳಕು. ಆದರೆ ‘ಬೆಳಿಗ್ಗೆ ಎದ್ದು ಬಿಸಿಲಿಗೆ ಹೋಗಿ’ ಎಂಬ ಸಲಹೆ ಎಲ್ಲರಿಗೂ ಹೊಂದುವುದಿಲ್ಲ. ಮನೆಯಲ್ಲಿ ಆರಕ್ಕೆ ಏಳುವವರ ಮೈಶಾಖ ಎಲ್ಲಕ್ಕಿಂತ ಕಡಿಮೆಯಾಗುವುದು ನಾಲ್ಕರ ಆಸುಪಾಸು. ಅದಕ್ಕೆ ಮುಂಚೆ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ, ಆಮೇಲೆ ಬಿದ್ದದ್ದು ಮುಂದಕ್ಕೆ. ಪೂರ್ವಕ್ಕೆ ಹೋದವರ ಗಡಿಯಾರ ಸರಿಯಬೇಕಾದ್ದು ಮುಂದಕ್ಕೆ. ಅವರೇ ವೇಳೆಯಲ್ಲಿ ಆರು ಗಂಟೆ ಮುಂದಿರುವ ಪೂರ್ವದ ಊರಿಗೆ ಹಾರಿದರೆ ಆ ಗಳಿಗೆ ಅಲ್ಲಿನ ಹತ್ತು ಗಂಟೆಗೆ ಬಂದು ಕೂರುತ್ತದೆ. ಮೊದಲ ಬೆಳಿಗ್ಗೆ ಏಳಕ್ಕೇ ಬಿಸಿಲಿಗೆ ಹೋದರೆ ಕೀಲಿ ತಿರುಗುವುದು ತಲೆಕೆಳಗಾಗಿ! ಹತ್ತರವರೆಗೆ ತಂಪು ಕನ್ನಡಕ ಹಾಕಿಕೊಂಡಿದ್ದು, ಆಮೇಲೆ ಸುತ್ತಿ. ಪಶ್ಚಿಮಕ್ಕೆ ಹೋದವರಿಗೆ ಇಷ್ಟೆಲ್ಲ ಲೆಕ್ಕ ಬೇಡ, ಸಂಜೆಯ ಬೆಳಕಿನಲ್ಲಿ ಅಡ್ಡಾಡಿದರೆ ಸಾಕು.

ಫೋನಿನ ಸಂಗತಿ ಚಿಕ್ಕದು. ಇ-ಸಿಮ್ (ಚಿಪ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್) ಅನ್ನು ಹೊರಡುವ ಮುನ್ನವೇ ಮನೆಯ ವೈಫೈಯಲ್ಲಿ ಹಾಕಿಕೊಳ್ಳಿ. ಫೋನ್ ಒಂದೇ ಕಂಪನಿಗೆ ಲಾಕ್ ಆಗಿದ್ದರೆ ಅದು ಕೆಲಸ ಮಾಡದು. ಹಳೆಯ ಸಿಮ್ಮನ್ನು ಕಿತ್ತೆಸೆಯಬೇಡಿ, ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಎಟಿಎಂ ‘ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ?’ ಎಂದು ವಿನಯದಿಂದ ಕೇಳಿದರೆ ಬೇಡ ಎನ್ನಿ. ಆ ವಿನಯಕ್ಕೆ ವಿನಿಮಯ ದರದಲ್ಲಿ ಬೆಲೆ ಕಟ್ಟಿರುತ್ತಾರೆ.

ಉಳಿದ ದಿನಗಳಲ್ಲಿ ಸರ್ಕಾರಿ ಕೆಲಸ ಮುಗಿಸಿಬಿಡುತ್ತೇನೆ ಎಂಬ ಹುಮ್ಮಸ್ಸು ಸಾಮಾನ್ಯವಾಗಿ ವ್ಯರ್ಥ. ಬ್ಯಾಂಕ್ ಖಾತೆಗೆ ಹಲವು ಕಡೆ ವಿಶ್ವವಿದ್ಯಾಲಯದ ದಾಖಲಾತಿಯ ಪತ್ರ ಕೇಳುತ್ತಾರೆ. ಜರ್ಮನಿಯಲ್ಲಿ ವಿಳಾಸ ನೋಂದಾಯಿಸಲು ಮನೆ ಕೊಟ್ಟವರ ದೃಢೀಕರಣ ಬೇಕು. ಅದರ ಬದಲು ಕಾಲೇಜಿಗೆ ಹೋಗುವ ದಾರಿಯನ್ನು ಒಮ್ಮೆ ನಡೆದು ನೋಡಿ, ತರಗತಿಯ ವೇಳೆಗೇ, ವಾರದ ದಿನದಲ್ಲೇ. ಭಾನುವಾರದ ಬಸ್ಸುಗಳ ವೇಳಾಪಟ್ಟಿಯೇ ಬೇರೆ. ನಕ್ಷೆ ಕರೆದೊಯ್ಯುವುದು ಕಟ್ಟಡದ ವಿಳಾಸಕ್ಕೆ, ತೆರೆದಿರುವ ಬಾಗಿಲು ಹಿಂಬದಿಯಲ್ಲಿರಬಹುದು.

ಮೂರು ನಾಲ್ಕು ದಿನ ಸಾಕು. ವಾರ ದಾಟಿದರೆ ಬೇಸರ ಹತ್ತುತ್ತದೆ: ನಿಮ್ಮ ಗೆಳೆಯರಾಗಲಿರುವವರೆಲ್ಲ ಇನ್ನೂ ಅವರವರ ಮನೆಯಲ್ಲಿ ಪೆಟ್ಟಿಗೆ ತೂಗುತ್ತಿರುತ್ತಾರೆ. ಇನ್ನು, ಹೊಸಬರನ್ನು ಎದುರುಗೊಳ್ಳುವ ಬಸ್ಸು ಇದ್ದರೆ ಅದು ಗೊತ್ತಾದ ದಿನ ವಿಮಾನ ನಿಲ್ದಾಣದಿಂದ ಮಾತ್ರ ಹೊರಡುತ್ತದೆ. ಮುಂಚೆ ಬಂದವರು ಪೆಟ್ಟಿಗೆ ಎಳೆದುಕೊಂಡು ಮತ್ತೆ ನಿಲ್ದಾಣಕ್ಕೆ ಹೋಗಿ ‘ಬಂದಿಳಿಯುವ’ ಪ್ರಸಂಗವೂ ಉಂಟು. ನೇರವಾಗಿ ಹಾಸ್ಟೆಲಿಗೆ ಬರಬಹುದೇ ಎಂದು ಮೊದಲೇ ಮೇಲ್ ಬರೆಯಿರಿ. ಬೀಗದ ಕೈ ಕೊಡುವ ಕೌಂಟರ್ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದನ್ನೂ ಅದರಲ್ಲೇ ಕೇಳಿಬಿಡಿ.