ಸೇಂಟ್ ಜಾರ್ಜ್ ಬಾವುಟ ಮೊದಲಿಂದಲೂ ಜನರ ಕೈಯಲ್ಲಿರಲಿಲ್ಲ
ಇಂಗ್ಲಿಷರ ಗುರುತು ಅಂದರೆ ಮೊದಲಿಂದಲೂ ಸೇಂಟ್ ಜಾರ್ಜ್ ಬಾವುಟ (ಬಿಳಿ ಬಟ್ಟೆ, ಕೆಂಪು ಶಿಲುಬೆಯ ಇಂಗ್ಲೆಂಡಿನ ಬಾವುಟ) ಮತ್ತು ಚಹಾ ಅಂತ ಒಂದು ಬರಹದಲ್ಲಿ ಓದಿದೆ. ಬಾವುಟದ ಮಾತನ್ನು ನಾನು ಒಪ್ಪುವುದಿಲ್ಲ. ಬಾವುಟ ಹಳೆಯದು, ನಿಜ. ಆದರೆ ಸಾಮಾನ್ಯ ಜನ ಅದನ್ನು ತಮ್ಮದು ಅಂತ ಕೈಗೆತ್ತಿಕೊಂಡಿದ್ದು ಈಚೆಗೆ. 1966ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನ ಚಿತ್ರಗಳನ್ನು ನೋಡಿ. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡ್ ಅಭಿಮಾನಿಗಳು ಜಾಸ್ತಿ ಬೀಸುತ್ತಿದ್ದುದು ಯೂನಿಯನ್ ಜಾಕ್, ಅಂದರೆ ಸ್ಕಾಟ್ಲೆಂಡೂ ಸೇರಿದ ಇಡೀ ಬ್ರಿಟನ್ನಿನ ಬಾವುಟ. ಬಿಳಿ ಬಟ್ಟೆಯ ಮೇಲಿನ ಕೆಂಪು ಶಿಲುಬೆ ಎದ್ದು ಕಂಡಿದ್ದು 1996ರ ಯೂರೋ ಕಪ್‌ನಲ್ಲಿ. ಸ್ಕಾಟ್ಲೆಂಡ್ ಎದುರು ಆಡುವಾಗ ಇಬ್ಬರಿಗೂ ಸೇರಿದ ಬಾವುಟ ಹಿಡಿದು ಏನು ಮಾಡುವುದು, ಅಲ್ವಾ? ಆ ಬರಹದಲ್ಲಿ ಚಹಾದ ಬಗ್ಗೆ ಬರೆದದ್ದು ಮಾತ್ರ ಸರಿ. ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದ ನಾಲ್ಕು ವರ್ಷದಲ್ಲಿ ಪಕ್ಕದ ಮನೆಯ ಅಜ್ಜಿ ಒಮ್ಮೆಯೂ ಬಾವುಟ ಹಾರಿಸಲಿಲ್ಲ. ಬಾಗಿಲು ತಟ್ಟಿದರೆ ಸಾಕು, ಮೊದಲು ಚಹಾಕ್ಕೆ ನೀರಿಡುತ್ತಿದ್ದರು.